ಮೈಸೂರು ವಿಶ್ವವಿದ್ಯಾನಿಲಯದ ಶತಮಾನೋತ್ಸವ ಮತ್ತು ಸಮುದಾಯ ಕಾರ್ಯಕ್ರಮಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕರ್ನಾಟಕದ ಮೊದಲ ವಿಶ್ವವಿದ್ಯಾನಿಲಯವಾದ ಮೈಸೂರು ವಿಶ್ವವಿದ್ಯಾನಿಲಯವು 1916ರ ಜುಲೈ 27ರಂದು ಸ್ಥಾಪನೆಗೊಂಡಿತು. ಬ್ರಿಟಿಷರ ನೇರ ಆಡಳಿತಕ್ಕೆ ಒಳಪಡದ ಸಂಸ್ಥಾನವೊಂದರಲ್ಲಿ ಆರಂಭವಾದ ದೇಶದ ಮೊದಲ ವಿಶ್ವವಿದ್ಯಾನಿಲಯವೂ ಇದೇ ಆಗಿದೆ. ಇದರ ಶತಮಾನೋತ್ಸವವನ್ನು 2015-16ನೇ ಸಾಲಿನಲ್ಲಿ ಆಚರಿಸಲಾಯಿತು. ನೂರು ವರ್ಷಗಳ ಅವಧಿಯಲ್ಲಿ ರಾಜ್ಯದ ಅನೇಕ ಜಿಲ್ಲೆಗಳ ವಿದ್ಯಾರ್ಥಿಗಳು ಈ ವಿಶ್ವವಿದ್ಯಾನಿಲಯದ ಪದವಿ ಪಡೆದಿದ್ದಾರೆ. ಆದುದರಿಂದ ಇದರ ಇತಿಹಾಸವು ಮೈಸೂರು ನಗರಕ್ಕೆ ಮಾತ್ರ ಸಂಬಂಧಿಸಿದ ವಿಷಯವಾಗಿರದೆ, ಬೆಂಗಳೂರು, ಮಂಗಳೂರು, ಶಿವಮೊಗ್ಗ, ಕೊಡಗು ಮುಂತಾದ ಕಡೆಗಳ ಕುಟುಂಬಗಳಿಗೂ ಸಂಬಂಧಿಸಿದುದಾಗಿದೆ.

ಈ ಪುಟದಲ್ಲಿ ವಿಶ್ವವಿದ್ಯಾನಿಲಯದ ಸ್ಥಾಪನೆಯ ಹಿನ್ನೆಲೆ, ಜನತೆಗಾಗಿ ಅದು ನಡೆಸಿದ ಕಾರ್ಯಗಳು, ಶತಮಾನೋತ್ಸವದ ಮುಖ್ಯ ಘಟನೆಗಳು, ಸಾರ್ವಜನಿಕರು ಸಂದರ್ಶಿಸಬಹುದಾದ ತಾಣಗಳು ಹಾಗೂ ಹಳೆಯ ಪದವಿ ದಾಖಲೆಗಳಿಗಾಗಿ ಅರ್ಜಿ ಸಲ್ಲಿಸುವವರು ತಿಳಿದಿರಬೇಕಾದ ಅಂಶಗಳನ್ನು ನೀಡಲಾಗಿದೆ. ವಾರ್ಷಿಕೋತ್ಸವ ಆಚರಿಸುವ ಇತರ ವಿದ್ಯಾಸಂಸ್ಥೆಗಳಿಗೂ ಉಪಯುಕ್ತವಾಗಲೆಂದು ಕೆಲವು ಸಲಹೆಗಳನ್ನು ಸೇರಿಸಲಾಗಿದೆ.

2. ಸ್ಥಾಪನೆಯ ಹಿನ್ನೆಲೆ

1916ಕ್ಕೆ ಮುಂಚೆ ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟಿದ್ದವು. ಪಠ್ಯಕ್ರಮ, ಪರೀಕ್ಷೆ, ಪದವಿ ಇವೆಲ್ಲವೂ ಸಂಸ್ಥಾನದ ಹೊರಗೆ ತೀರ್ಮಾನವಾಗುತ್ತಿದ್ದವು. ಸಂಸ್ಥಾನದ ಅಗತ್ಯಗಳಿಗೆ ತಕ್ಕ ಶಿಕ್ಷಣವನ್ನು ಸಂಸ್ಥಾನವೇ ರೂಪಿಸಿಕೊಳ್ಳಬೇಕೆಂಬ ಉದ್ದೇಶದಿಂದ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಅಧಿಕಾರಾವಧಿಯಲ್ಲಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಮಹಾರಾಜರು ಪ್ರಥಮ ಕುಲಾಧಿಪತಿಗಳಾದರು. ಎಚ್. ವಿ. ನಂಜುಂಡಯ್ಯನವರು ಪ್ರಥಮ ಕುಲಪತಿಗಳಾಗಿ ನೇಮಕಗೊಂಡರು. ಅವರ ನಂತರ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ ಅವರು ಆ ಹುದ್ದೆಯನ್ನು ವಹಿಸಿಕೊಂಡರು.

ಸ್ಥಾಪನೆಗೆ ಪೂರ್ವಭಾವಿಯಾಗಿ ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್ಹಾಮ್ ಅವರು ಹೊರದೇಶಗಳ ವಿಶ್ವವಿದ್ಯಾನಿಲಯಗಳ ವ್ಯವಸ್ಥೆಯನ್ನು ಅಧ್ಯಯನ ಮಾಡಿದರು. ಮೂಲ ಸಂಶೋಧನೆಗೆ ಪ್ರೋತ್ಸಾಹ ನೀಡುವ ವಿಷಯದಲ್ಲಿ ಅಮೆರಿಕದ ಷಿಕಾಗೊ, ಜ್ಞಾನವನ್ನು ಜನತೆಯಲ್ಲಿ ಹರಡುವ ವಿಷಯದಲ್ಲಿ ಅದೇ ದೇಶದ ವಿಸ್ಕಾನ್ಸಿನ್, ವಿದ್ಯಾರ್ಥಿಯನ್ನು ಸಾರ್ವಜನಿಕ ಜೀವನಕ್ಕೆ ಸಿದ್ಧಗೊಳಿಸುವ ವಿಷಯದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಗಳನ್ನು ಮಾದರಿಯಾಗಿ ಪರಿಗಣಿಸಲಾಯಿತು. ತರಗತಿಯ ಹೊರಗಿರುವ ಜನರಿಗೂ ವಿದ್ಯೆ ತಲುಪಬೇಕೆಂಬ ಆಶಯವು ಹೀಗೆ ಪ್ರಾರಂಭದಿಂದಲೇ ಸಂಸ್ಥೆಯ ಉದ್ದೇಶಗಳಲ್ಲಿ ಸೇರಿತ್ತೆಂಬುದು ಗಮನಾರ್ಹವಾಗಿದೆ.

ಆರಂಭದಲ್ಲಿ ಮೈಸೂರಿನ ಮಹಾರಾಜ ಕಾಲೇಜು ಕಲಾ ವಿಷಯಗಳಿಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನ ವಿಷಯಗಳಿಗೂ ಕೇಂದ್ರಗಳಾಗಿದ್ದವು. ಮೈಸೂರಿನ ಮಹಾರಾಣಿ ಕಾಲೇಜು ಮಹಿಳೆಯರ ಉನ್ನತ ಶಿಕ್ಷಣಕ್ಕೆ ಮೀಸಲಾಗಿತ್ತು. ಇದರ ಮೂಲವು 1881ರಲ್ಲಿ ಆರಂಭವಾದ ಹೆಣ್ಣುಮಕ್ಕಳ ಪಾಠಶಾಲೆಯಲ್ಲಿದೆ. ಪ್ರಥಮ ಘಟಿಕೋತ್ಸವವು 1918ರಲ್ಲಿ ನಡೆಯಿತು. ಡಾ. ಎಸ್. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

3. ಜನತೆಯ ಬಳಿಗೆ ವಿಶ್ವವಿದ್ಯಾನಿಲಯ

ಶತಮಾನೋತ್ಸವದ ಸಂದರ್ಭದಲ್ಲಿ ಸಂಸ್ಥೆಯು ಸಮಾಜಕ್ಕೆ ನೀಡಿದ ಕೊಡುಗೆಯನ್ನು ಸ್ಮರಿಸುವುದು ವಾಡಿಕೆ. ಮೈಸೂರು ವಿಶ್ವವಿದ್ಯಾನಿಲಯದ ವಿಷಯದಲ್ಲಿ ಈ ಕೆಳಕಂಡ ಕಾರ್ಯಗಳು ಮುಖ್ಯವಾದವು.

(ಅ) ಕನ್ನಡದಲ್ಲಿ ಉನ್ನತ ವ್ಯಾಸಂಗ: ಕನ್ನಡ ಎಂ.ಎ. ತರಗತಿಯನ್ನು 1927ರಲ್ಲಿ ಆರಂಭಿಸಲಾಯಿತು. ಇಲ್ಲಿಯೇ ಕನ್ನಡ ಎಂ.ಎ. ಪದವಿ ಪಡೆದ ಕುವೆಂಪು ಅವರು ಮುಂದೆ 1956ರಿಂದ 1960ರವರೆಗೆ ಕುಲಪತಿಗಳಾಗಿದ್ದರು. ಸ್ನಾತಕೋತ್ತರ ವಿಭಾಗಗಳಿಗಾಗಿ ಕುಕ್ಕರಹಳ್ಳಿ ಕೆರೆಯ ಸಮೀಪ ನಿರ್ಮಾಣವಾದ ಆವರಣಕ್ಕೆ 'ಮಾನಸಗಂಗೋತ್ರಿ' ಎಂದು ನಾಮಕರಣ ಮಾಡಿದವರೂ ಅವರೇ.

(ಆ) ಪ್ರಚಾರೋಪನ್ಯಾಸಗಳು: 1930ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರುಗಳಿಗೆ ತೆರಳಿ ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯ ಮುಂತಾದ ವಿಷಯಗಳ ಮೇಲೆ ಕನ್ನಡದಲ್ಲಿ ಉಪನ್ಯಾಸ ನೀಡುವ ವ್ಯವಸ್ಥೆ ರೂಪುಗೊಂಡಿತು. ಈ ಉಪನ್ಯಾಸಗಳನ್ನು ಅಲ್ಪ ಬೆಲೆಯ ಕಿರುಪುಸ್ತಕಗಳಾಗಿ ಪ್ರಕಟಿಸಲಾಯಿತು. ಕಾಲೇಜಿನ ಮೆಟ್ಟಿಲು ಹತ್ತಲು ಅವಕಾಶವಾಗದ ರೈತರು, ವ್ಯಾಪಾರಿಗಳು, ಶಾಲಾ ಉಪಾಧ್ಯಾಯರು ಮತ್ತು ಗೃಹಿಣಿಯರಿಗೆ ವಿಶ್ವವಿದ್ಯಾನಿಲಯದ ಪರಿಚಯವಾಗಲು ಇದರಿಂದ ಸಾಧ್ಯವಾಯಿತು. ಈ ಕಾರ್ಯವನ್ನು ಮುಂದುವರಿಸಿದ ಅಂಗವೇ 'ಪ್ರಸಾರಾಂಗ'. ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಆರಂಭಿಸಿದ 'ಪ್ರಬುದ್ಧ ಕರ್ನಾಟಕ' ಪತ್ರಿಕೆಯೂ ನಂತರ ವಿಶ್ವವಿದ್ಯಾನಿಲಯದ ಪ್ರಕಟಣೆಯಾಯಿತು.

(ಇ) ನಿಘಂಟು ಮತ್ತು ವಿಶ್ವಕೋಶ: ವಿಶ್ವವಿದ್ಯಾನಿಲಯವು ಸಿದ್ಧಪಡಿಸಿದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಕಛೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಅದು ಬಹುಕಾಲ ಬಳಕೆಯಲ್ಲಿತ್ತು. 1966ರಲ್ಲಿ ಸ್ಥಾಪಿತವಾದ ಕನ್ನಡ ಅಧ್ಯಯನ ಸಂಸ್ಥೆಯು ಕನ್ನಡ ವಿಶ್ವಕೋಶದ ಯೋಜನೆಯನ್ನು ಕೈಗೊಂಡಿತು. ವಿಶ್ವಕೋಶದ ಮೊದಲ ಸಂಪುಟವು 1969ರಲ್ಲಿ ಹೊರಬಂದಿತು. ಒಟ್ಟು 14 ಸಂಪುಟಗಳಲ್ಲಿ ಈ ಕಾರ್ಯ ಪೂರ್ಣಗೊಂಡಿತು.

(ಈ) ಆಕಾಶವಾಣಿ: ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಖಾಸಗಿ ಬಾನುಲಿ ಪ್ರಸಾರವನ್ನು ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಬಳಸಿದರು. ಮುಂದೆ ಇದೇ ಹೆಸರು ರಾಷ್ಟ್ರೀಯ ಬಾನುಲಿ ಸಂಸ್ಥೆಗೆ ಸಂದಿತು.

4. ಉತ್ಸವಗಳು ಮತ್ತು ಅವುಗಳಿಂದ ಉಳಿದ ಸಾರ್ವಜನಿಕ ಸೌಲಭ್ಯಗಳು

ಉತ್ಸವವೊಂದು ಮುಗಿದ ನಂತರ ಜನರ ಉಪಯೋಗಕ್ಕೆ ಏನು ಉಳಿಯಿತು ಎಂಬುದು ಸಾರ್ವಜನಿಕ ಹಣದಿಂದ ನಡೆಯುವ ಆಚರಣೆಗಳ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆಯಾಗಿದೆ. ಈ ಬಗ್ಗೆ ಎರಡು ಉದಾಹರಣೆಗಳನ್ನು ಗಮನಿಸಬಹುದು.

ಮೊದಲನೆಯದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ಸ್ಮಾರಕವಾಗಿ 1887ರಲ್ಲಿ ಇದಕ್ಕೆ ಅಸ್ತಿಭಾರ ಹಾಕಲಾಯಿತು. 1891ರಲ್ಲಿ ಇಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಗಿ ತಾಳೆಗರಿಗಳ ಸಂಗ್ರಹ ಬೆಳೆಯಿತು. ಈ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಅದನ್ನು ಪ್ರಕಟಿಸಿದರು. 1916ರಲ್ಲಿ ಗ್ರಂಥಾಲಯವು ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಸೇರಿತು. ಯಾವ ಉತ್ಸವಕ್ಕಾಗಿ ಕಟ್ಟಡ ನಿರ್ಮಾಣವಾಯಿತೆಂಬುದನ್ನು ಇಂದು ಅನೇಕರು ಅರಿಯರು. ಆದರೆ ಅಲ್ಲಿ ಸಂರಕ್ಷಿತವಾದ ಗ್ರಂಥವನ್ನು ಲೋಕವೇ ಬಲ್ಲದು.

ಎರಡನೆಯದು ರಾಷ್ಟ್ರೀಯ ಸೇವಾ ಯೋಜನೆ. ಮಹಾತ್ಮ ಗಾಂಧೀಜಿಯವರ ಜನ್ಮ ಶತಮಾನೋತ್ಸವ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ದೇಶದ 37 ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಜಾರಿಗೆ ತರಲಾಯಿತು. ಗ್ರಾಮಗಳಲ್ಲಿ ವಿದ್ಯಾರ್ಥಿಗಳು ನಡೆಸುವ ಏಳು ದಿನಗಳ ವಿಶೇಷ ಶಿಬಿರಗಳು ಈ ಯೋಜನೆಯ ಮುಖ್ಯ ಭಾಗವಾಗಿವೆ. ಶತಮಾನೋತ್ಸವ ಮುಗಿದು ದಶಕಗಳೇ ಕಳೆದಿದ್ದರೂ ಯೋಜನೆಯು ಮುಂದುವರಿದಿದೆ.

5. ಶತಮಾನೋತ್ಸವ ವರ್ಷದ ಕಾರ್ಯಕ್ರಮಗಳು (2015-16)

ಮೈಸೂರು ವಿಶ್ವವಿದ್ಯಾನಿಲಯದ ಶತಮಾನೋತ್ಸವ ಆಚರಣೆಯನ್ನು 2015ರ ಜುಲೈ 27ರಂದು ಅಂದಿನ ರಾಷ್ಟ್ರಪತಿ ಶ್ರೀ ಪ್ರಣಬ್ ಮುಖರ್ಜಿಯವರು ಮೈಸೂರಿನಲ್ಲಿ ಉದ್ಘಾಟಿಸಿದರು. ಅದೇ ದಿನ ಸಂಜೆ ಮಾಜಿ ರಾಷ್ಟ್ರಪತಿ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಶಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳಿಗೆ ಉಪನ್ಯಾಸ ನೀಡುತ್ತಿದ್ದಾಗಲೇ ಕುಸಿದು ನಿಧನರಾದರು. ವಿಶ್ವವಿದ್ಯಾನಿಲಯವು ನೂರನೆಯ ವರ್ಷಕ್ಕೆ ಕಾಲಿಟ್ಟ ದಿನವು ಹೀಗೆ ರಾಷ್ಟ್ರವು ಓರ್ವ ಶ್ರೇಷ್ಠ ಅಧ್ಯಾಪಕರನ್ನು ಕಳೆದುಕೊಂಡ ದಿನವೂ ಆಯಿತು.

ಶತಮಾನೋತ್ಸವ ವರ್ಷದಲ್ಲಿ ನಡೆದ ಅತಿ ದೊಡ್ಡ ಕಾರ್ಯಕ್ರಮವೆಂದರೆ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೆಯ ಅಧಿವೇಶನ. ವಿಶ್ವವಿದ್ಯಾನಿಲಯದ ಆತಿಥ್ಯದಲ್ಲಿ 2016ರ ಜನವರಿ 3ರಿಂದ 7ರವರೆಗೆ ಇದು ನಡೆಯಿತು. ದೇಶೀಯ ಅಭಿವೃದ್ಧಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನ ಎಂಬುದು ಅಧಿವೇಶನದ ಮುಖ್ಯ ವಿಷಯವಾಗಿತ್ತು. ಪ್ರಧಾನಮಂತ್ರಿ ಶ್ರೀ ನರೇಂದ್ರ ಮೋದಿಯವರು ಅಧಿವೇಶನವನ್ನು ಉದ್ಘಾಟಿಸಿ, ವೈಜ್ಞಾನಿಕ ಪ್ರಯತ್ನಗಳು ಆರ್ಥಿಕತೆ, ಪರಿಸರ, ಇಂಧನ, ಸಹಾನುಭೂತಿ ಮತ್ತು ಸಮಾನತೆ ಎಂಬ ಐದು ತತ್ತ್ವಗಳನ್ನು ಆಧರಿಸಿರಬೇಕೆಂದು ಅಭಿಪ್ರಾಯಪಟ್ಟರು.

ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನವು ತಜ್ಞರಿಗೆ ಮಾತ್ರ ಸೀಮಿತವಾದುದಲ್ಲ. ಶಾಲಾ ವಿದ್ಯಾರ್ಥಿಗಳಿಗಾಗಿ ಮಕ್ಕಳ ವಿಜ್ಞಾನ ಕಾಂಗ್ರೆಸ್, ಮಹಿಳಾ ವಿಜ್ಞಾನಿಗಳಿಗಾಗಿ ಮಹಿಳಾ ವಿಜ್ಞಾನ ಕಾಂಗ್ರೆಸ್ ಮತ್ತು ಸಾರ್ವಜನಿಕರ ವೀಕ್ಷಣೆಗಾಗಿ ವಿಜ್ಞಾನ ವಸ್ತುಪ್ರದರ್ಶನಗಳು ಅದರ ಅಂಗಗಳಾಗಿವೆ. ತಮ್ಮ ಊರಿನ ಶಾಲೆಯಲ್ಲಿ ಪ್ರಯೋಗಾಲಯವನ್ನೇ ಕಾಣದ ಮಗುವಿಗೆ ವಿಜ್ಞಾನಿಗಳನ್ನು ಹತ್ತಿರದಿಂದ ನೋಡಿ ಪ್ರಶ್ನೆ ಕೇಳುವ ಅವಕಾಶ ದೊರೆಯುವುದು ಇಂತಹ ಸಂದರ್ಭಗಳಲ್ಲಿ. ಶತಮಾನೋತ್ಸವದೊಡನೆ ಅಧಿವೇಶನವನ್ನು ಜೋಡಿಸಿದುದರ ಔಚಿತ್ಯವೂ ಇದರಲ್ಲಿಯೇ ಇದೆ.

6. ಶತಮಾನೋತ್ಸವ ಮತ್ತು ನೂರನೆಯ ಘಟಿಕೋತ್ಸವ: ವ್ಯತ್ಯಾಸ

ಸಾರ್ವಜನಿಕರಲ್ಲಿ ಕೆಲವರು ಈ ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ವಿಶ್ವವಿದ್ಯಾನಿಲಯದ ಸ್ಥಾಪನೆಯ ನೂರು ವರ್ಷಗಳು 2016ರ ಜುಲೈನಲ್ಲಿ ಪೂರ್ಣಗೊಂಡವು. ಘಟಿಕೋತ್ಸವಗಳ ಎಣಿಕೆಯಲ್ಲಿ ನೂರನೆಯದು 2020ರ ಅಕ್ಟೋಬರ್ 19ರಂದು ನಡೆಯಿತು. ಇದನ್ನು 'ಶತಮಾನೋತ್ಸವ ಘಟಿಕೋತ್ಸವ' ಎಂದು ಕರೆಯಲಾಯಿತು. ಕೋವಿಡ್-19 ಸಾಂಕ್ರಾಮಿಕದ ಕಾರಣ ಪ್ರಧಾನಮಂತ್ರಿಗಳು ವಿಡಿಯೋ ಕಾನ್ಫರೆನ್ಸ್ ಮೂಲಕ ಘಟಿಕೋತ್ಸವ ಭಾಷಣ ಮಾಡಿದರು. ಹಿಂದಿನ ವರ್ಷಗಳಂತೆ ಪೋಷಕರೂ ಬಂಧುಗಳೂ ನೆರೆಯುವ ಸಮಾರಂಭ ಆ ವರ್ಷ ಸಾಧ್ಯವಾಗಲಿಲ್ಲ. ಕುಟುಂಬದಲ್ಲಿ ಮೊದಲ ಬಾರಿಗೆ ಪದವಿ ಪಡೆಯುವ ವಿದ್ಯಾರ್ಥಿಯ ಪಾಲಿಗೆ ಘಟಿಕೋತ್ಸವವು ಮನೆಮಂದಿಯೆಲ್ಲರ ಸಮಾರಂಭವಾಗಿರುವುದರಿಂದ ಈ ಕೊರತೆಯು ಸಣ್ಣದೇನಲ್ಲ.

7. ಸಾರ್ವಜನಿಕರು ಸಂದರ್ಶಿಸಬಹುದಾದ ತಾಣಗಳು

(ಅ) ಕ್ರಾಫರ್ಡ್ ಭವನ: ವಿಶ್ವವಿದ್ಯಾನಿಲಯದ ಆಡಳಿತ ಕಛೇರಿ. ಕುಲಪತಿಗಳ ಮತ್ತು ಕುಲಸಚಿವರ ಕಛೇರಿಗಳು ಇಲ್ಲಿವೆ.

(ಆ) ಪ್ರಾಚ್ಯವಿದ್ಯಾ ಸಂಶೋಧನಾಲಯ: ಸಂಸ್ಕೃತ, ಕನ್ನಡ ಮೊದಲಾದ ಭಾಷೆಗಳ ತಾಳೆಗರಿ ಮತ್ತು ಕಾಗದದ ಹಸ್ತಪ್ರತಿಗಳ ಸಂಗ್ರಹವಿದೆ. 1943ರವರೆಗೆ ಇದು ಓರಿಯಂಟಲ್ ಲೈಬ್ರರಿ ಎಂದೇ ಹೆಸರಾಗಿತ್ತು.

(ಇ) ಜಯಲಕ್ಷ್ಮೀ ವಿಲಾಸ ಮತ್ತು ಜಾನಪದ ವಸ್ತುಸಂಗ್ರಹಾಲಯ: ಮಾನಸಗಂಗೋತ್ರಿ ಆವರಣದಲ್ಲಿರುವ, 20ನೆಯ ಶತಮಾನದ ಆದಿಭಾಗದ ಅರಮನೆ. ರಾಜ್ಯದ ನಾನಾ ಭಾಗಗಳ ಬೇಸಾಯದ ಉಪಕರಣಗಳು, ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ದೈವಗಳ ಮೂರ್ತಿಗಳು, ಮನೆಬಳಕೆಯ ಸಾಮಾನುಗಳು ಮುಂತಾದುವನ್ನು ಸಂಗ್ರಹಿಸುವ ಕಾರ್ಯವು 1960ರ ದಶಕದಲ್ಲಿ ಆರಂಭವಾಯಿತು. ಹಳ್ಳಿಯ ಜನರು ದಿನನಿತ್ಯ ಬಳಸುತ್ತಿದ್ದ ವಸ್ತುಗಳಿಗೆ ಅರಮನೆಯೊಳಗೆ ಸ್ಥಾನ ದೊರೆತಿರುವುದು ಈ ಸಂಗ್ರಹದ ವೈಶಿಷ್ಟ್ಯವಾಗಿದೆ.

(ಈ) ಕುಕ್ಕರಹಳ್ಳಿ ಕೆರೆ: ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಈ ಕೆರೆಯ ಏರಿಯು ನಾಗರಿಕರ ವಾಯುವಿಹಾರಕ್ಕೆ ಮತ್ತು ಪಕ್ಷಿವೀಕ್ಷಣೆಗೆ ಪ್ರಸಿದ್ಧವಾಗಿದೆ.

ಸೂಚನೆ: ಪಾರಂಪರಿಕ ಕಟ್ಟಡಗಳಲ್ಲಿ ದುರಸ್ತಿ ಕಾರ್ಯಗಳು ಆಗಿಂದಾಗ್ಗೆ ನಡೆಯುವುದರಿಂದ ಪ್ರವೇಶಾವಕಾಶ ಇದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿ ಪ್ರಯಾಣ ಕೈಗೊಳ್ಳುವುದು ಸೂಕ್ತ. ಶಾಲಾ ತಂಡಗಳನ್ನು ಕರೆತರುವ ಮುಖ್ಯೋಪಾಧ್ಯಾಯರು ಲಿಖಿತ ಅನುಮತಿ ಪಡೆದಿರಬೇಕು.

8. ಹಳೆಯ ಪದವಿ ದಾಖಲೆಗಳು: ಯಾವ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಸಲ್ಲಿಸಬೇಕು?

ಶತಮಾನದ ಅವಧಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಿಂದ ಹಲವು ಪ್ರದೇಶಗಳು ಮತ್ತು ವಿಷಯಗಳು ಬೇರ್ಪಟ್ಟು ಹೊಸ ವಿಶ್ವವಿದ್ಯಾನಿಲಯಗಳಿಗೆ ಸೇರಿದವು. ಇದರ ಅರಿವಿಲ್ಲದೆ ಅರ್ಜಿದಾರರು ತಾವು ಓದಿದ ಕಾಲೇಜು ಇಂದು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆಯೋ ಅಲ್ಲಿಗೆ ಅರ್ಜಿ ಸಲ್ಲಿಸಿ, ದಾಖಲೆ ಲಭ್ಯವಿಲ್ಲವೆಂಬ ಉತ್ತರ ಪಡೆಯುವ ಸಂಭವವಿದೆ. ನಿವೃತ್ತಿ ವೇತನ, ವಿದೇಶದಲ್ಲಿ ಉದ್ಯೋಗ, ಉನ್ನತ ವ್ಯಾಸಂಗ ಅಥವಾ ಸೇವಾ ದಾಖಲೆಗಳ ತಿದ್ದುಪಡಿಯಂತಹ ಕಾಲಮಿತಿಯ ಕೆಲಸಗಳಲ್ಲಿ ಇಂತಹ ವಿಳಂಬವು ನಷ್ಟಕ್ಕೆ ಕಾರಣವಾಗಬಹುದು. ಆದುದರಿಂದ ಈ ಕೆಳಗಿನ ವಿವರಗಳನ್ನು ಗಮನಿಸತಕ್ಕದ್ದು.

1964: ಬೆಂಗಳೂರು ವಿಶ್ವವಿದ್ಯಾನಿಲಯದ ಸ್ಥಾಪನೆ. ಸೆಂಟ್ರಲ್ ಕಾಲೇಜು ಮತ್ತು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಅದಕ್ಕೆ ಸೇರಿದವು. ಅದಕ್ಕೆ ಮುಂಚೆ ಈ ಕಾಲೇಜುಗಳಲ್ಲಿ ಓದಿದವರ ಪದವಿಗಳು ಮೈಸೂರು ವಿಶ್ವವಿದ್ಯಾನಿಲಯದವು.

1980: ಮಂಗಳೂರು ವಿಶ್ವವಿದ್ಯಾನಿಲಯದ ಸ್ಥಾಪನೆ. ಕೊಣಾಜೆಯಲ್ಲಿದ್ದ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು ಇದಕ್ಕೆ ಬುನಾದಿಯಾಯಿತು. ದಕ್ಷಿಣ ಕನ್ನಡ (ಅಂದಿನ ಉಡುಪಿ ಪ್ರದೇಶ ಸೇರಿದಂತೆ) ಮತ್ತು ಕೊಡಗು ಇದರ ವ್ಯಾಪ್ತಿಗೆ ಬಂದವು.

1987: ಕುವೆಂಪು ವಿಶ್ವವಿದ್ಯಾನಿಲಯದ ಸ್ಥಾಪನೆ. ಶಿವಮೊಗ್ಗ, ಚಿಕ್ಕಮಗಳೂರು ಮುಂತಾದ ಮಲೆನಾಡು ಮತ್ತು ಮಧ್ಯ ಕರ್ನಾಟಕದ ಕಾಲೇಜುಗಳು ಇದಕ್ಕೆ ಸೇರಿದವು.

1996: ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಸ್ಥಾಪನೆ. ಅದಕ್ಕೆ ಮುಂಚೆ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯ ಮೂಲಕ ಓದಿದವರ ಪದವಿಗಳು ಮೈಸೂರು ವಿಶ್ವವಿದ್ಯಾನಿಲಯದವು. ಇದೇ ವರ್ಷ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವೂ ಆರಂಭವಾಗಿ ವೈದ್ಯಕೀಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು.

1998: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಸ್ಥಾಪನೆ. ಇಂಜಿನಿಯರಿಂಗ್ ಕಾಲೇಜುಗಳು ಇದಕ್ಕೆ ಸೇರಿದವು.

2009: ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯದ ಆರಂಭ. ಕಾನೂನು ಕಾಲೇಜುಗಳು ಇದಕ್ಕೆ ಸೇರಿದವು.

2023: ಹಾಸನ ಮತ್ತು ಚಾಮರಾಜನಗರಗಳಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯಗಳು ಕಾರ್ಯಾರಂಭ ಮಾಡಿದವು.

ಮೇಲ್ಕಂಡ ವರ್ಷಗಳ ಆಸುಪಾಸಿನಲ್ಲಿ ವ್ಯಾಸಂಗ ಮಾಡಿದವರ ವಿಷಯದಲ್ಲಿ ಕಾಲೇಜಿನ ಸ್ಥಳ ಅಥವಾ ಉತ್ತೀರ್ಣರಾದ ವರ್ಷವನ್ನಷ್ಟೇ ಆಧರಿಸಿ ತೀರ್ಮಾನಿಸಲಾಗದು. ಹೊಸ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಈಗಾಗಲೇ ವ್ಯಾಸಂಗದಲ್ಲಿದ್ದ ವಿದ್ಯಾರ್ಥಿಗಳು ಹಳೆಯ ವಿಶ್ವವಿದ್ಯಾನಿಲಯದ ಪರೀಕ್ಷೆಗಳನ್ನೇ ಬರೆದಿರಬಹುದು. ಅಂಕಪಟ್ಟಿಯ ಅಥವಾ ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾನಿಲಯದ ಹೆಸರು ಮುದ್ರಿತವಾಗಿದೆಯೋ ಅದಕ್ಕೇ ಅರ್ಜಿ ಸಲ್ಲಿಸತಕ್ಕದ್ದು.

ಅರ್ಜಿಯೊಂದಿಗೆ ಸಿದ್ಧವಿರಬೇಕಾದ ವಿವರಗಳು:

(1) ದಾಖಲೆಯಲ್ಲಿರುವಂತೆ ಅಭ್ಯರ್ಥಿಯ ಹೆಸರು. ವಿವಾಹಾನಂತರ ಅಥವಾ ಬೇರೆ ಕಾರಣದಿಂದ ಹೆಸರು ಬದಲಾಗಿದ್ದಲ್ಲಿ ಅದರ ದಾಖಲೆ.
(2) ಓದಿದ ಕಾಲೇಜಿನ ಹೆಸರು ಮತ್ತು ವ್ಯಾಸಂಗದ ಅವಧಿ.
(3) ಪದವಿ, ವಿಷಯಗಳು, ಪರೀಕ್ಷೆಯ ತಿಂಗಳು ಮತ್ತು ವರ್ಷ.
(4) ಪರೀಕ್ಷೆಯ ನೋಂದಣಿ ಸಂಖ್ಯೆ.
(5) ಲಭ್ಯವಿರುವ ಯಾವುದೇ ಅಂಕಪಟ್ಟಿ, ವರ್ಗಾವಣೆ ಪತ್ರ ಅಥವಾ ಸೇವಾ ಪುಸ್ತಕದ ಪ್ರತಿ.
(6) ಮೂಲ ದಾಖಲೆ ಕಳೆದುಹೋಗಿದ್ದಲ್ಲಿ, ವಿಶ್ವವಿದ್ಯಾನಿಲಯವು ಕೇಳಿದಂತೆ ಪೊಲೀಸ್ ಠಾಣೆಯ ಸ್ವೀಕೃತಿ ಮತ್ತು ಅಫಿಡವಿಟ್.

ನೋಂದಣಿ ಸಂಖ್ಯೆ ತಿಳಿಯದಿದ್ದಲ್ಲಿ ಮೊದಲು ಓದಿದ ಕಾಲೇಜಿನ ಪ್ರವೇಶ ದಾಖಲಾತಿ ಪುಸ್ತಕದಿಂದ ವಿವರ ಪಡೆಯುವುದು ಅನುಕೂಲ. ಶುಲ್ಕ ಮತ್ತು ಅರ್ಜಿ ನಮೂನೆಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಸಂಬಂಧಿಸಿದ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದಲ್ಲಿಯೇ ವಿಚಾರಿಸಬೇಕು. ಮಧ್ಯವರ್ತಿಗಳಿಗೆ ಹಣ ನೀಡಬಾರದು. ಶುಲ್ಕ ಪಾವತಿಸಿದ ರಶೀದಿಯನ್ನು ಜೋಪಾನವಾಗಿರಿಸಿಕೊಳ್ಳಬೇಕು.

9. ವಾರ್ಷಿಕೋತ್ಸವ ಆಚರಿಸುವ ವಿದ್ಯಾಸಂಸ್ಥೆಗಳಿಗೆ ಸಲಹೆಗಳು

ಬೆಳ್ಳಿ, ಸುವರ್ಣ, ವಜ್ರ, ಅಮೃತ ಮಹೋತ್ಸವ ಅಥವಾ ಶತಮಾನೋತ್ಸವವನ್ನು ಆಚರಿಸುವ ಕಾಲೇಜು ಹಾಗೂ ವಿಶ್ವವಿದ್ಯಾನಿಲಯಗಳು ಮೈಸೂರಿನ ಅನುಭವದಿಂದ ಈ ಕೆಳಕಂಡ ಅಂಶಗಳನ್ನು ಪರಿಗಣಿಸಬಹುದು.

(ಅ) ವೇದಿಕೆ ಸಮಾರಂಭದೊಂದಿಗೆ ಸುತ್ತಮುತ್ತಲಿನ ಗ್ರಾಮಗಳಲ್ಲಿಯೂ ಕಾರ್ಯಕ್ರಮಗಳನ್ನು ಏರ್ಪಡಿಸುವುದು. ಆರೋಗ್ಯ ತಪಾಸಣೆ, ಮಣ್ಣು ಪರೀಕ್ಷೆ, ಕಾನೂನು ಅರಿವು, ಉದ್ಯೋಗ ಮಾರ್ಗದರ್ಶನ ಇವುಗಳನ್ನು ಆಯಾ ಇಲಾಖೆಗಳ ಸಹಯೋಗದಲ್ಲಿ ನಡೆಸಬಹುದು.

(ಆ) ಪ್ರಯೋಗಾಲಯ, ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳನ್ನು ನಿಗದಿತ ದಿನಗಳಂದು ಶಾಲಾ ಮಕ್ಕಳಿಗೂ ಸಾರ್ವಜನಿಕರಿಗೂ ತೆರೆದಿಡುವುದು. ವಿವರಣೆಯು ಕನ್ನಡದಲ್ಲಿರಬೇಕು.

(ಇ) ಅಧ್ಯಾಪಕರ ಉಪನ್ಯಾಸಗಳನ್ನು ಸರಳ ಕನ್ನಡದಲ್ಲಿ ಕಿರುಪುಸ್ತಕಗಳಾಗಿ ಪ್ರಕಟಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ತಲುಪಿಸುವುದು.

(ಈ) ಹಿರಿಯ ವಿದ್ಯಾರ್ಥಿಗಳ ಸಮ್ಮೇಳನದ ಸಂದರ್ಭದಲ್ಲಿ ದಾಖಲೆ ವಿತರಣಾ ಕೌಂಟರನ್ನು ತೆರೆಯುವುದು. ದೂರದಿಂದ ಬರುವ ವೃದ್ಧರಿಗೆ ಒಂದೇ ಭೇಟಿಯಲ್ಲಿ ಕೆಲಸ ಪೂರ್ಣಗೊಳ್ಳುವಂತೆ ವ್ಯವಸ್ಥೆ ಮಾಡಬೇಕು.

(ಉ) ಬೋಧಕೇತರ ಸಿಬ್ಬಂದಿ, ಗ್ರಂಥಾಲಯ ಸಹಾಯಕರು, ವಿದ್ಯಾರ್ಥಿನಿಲಯಗಳ ಅಡುಗೆಯವರು, ತೋಟದ ಕೆಲಸಗಾರರು ಮೊದಲಾದವರ ಸೇವೆಯನ್ನೂ ಸ್ಮರಣ ಸಂಚಿಕೆಯಲ್ಲಿ ದಾಖಲಿಸುವುದು.

(ಊ) ಸಾರ್ವಜನಿಕ ಸ್ಥಳಗಳಲ್ಲಿ ಮೆರವಣಿಗೆ, ಜಾಥಾ ಅಥವಾ ಸಭೆ ಏರ್ಪಡಿಸುವ ಮುನ್ನ ಪೊಲೀಸ್ ಇಲಾಖೆ ಮತ್ತು ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯುವುದು. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳ ಬಳಕೆಗೆ ನಿರ್ಬಂಧವಿದೆ.

(ಋ) ಕಾರ್ಯಕ್ರಮ ಮುಗಿದ ನಂತರ ಆಯ-ವ್ಯಯದ ವಿವರವನ್ನು ಪ್ರಕಟಿಸುವುದು. ದಾನಿಗಳಿಂದ ಪಡೆದ ಮೊತ್ತಕ್ಕೆ ರಶೀದಿ ನೀಡಿ ಪ್ರತ್ಯೇಕ ಲೆಕ್ಕ ಇಡಬೇಕು. ಉಳಿದ ಹಣವನ್ನು ವಿದ್ಯಾರ್ಥಿವೇತನ ನಿಧಿಗೆ ಅಥವಾ ಹಳೆಯ ದಾಖಲೆಗಳ ಸಂರಕ್ಷಣೆಗೆ ವಿನಿಯೋಗಿಸಿದಲ್ಲಿ ಉತ್ಸವದ ಪ್ರಯೋಜನ ಮುಂದಿನವರಿಗೂ ದೊರೆಯುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಂದೆಯವರು 1962ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಉತ್ತೀರ್ಣರಾಗಿದ್ದಾರೆ. ದಾಖಲೆಯ ನಕಲು ಪ್ರತಿ ಎಲ್ಲಿ ದೊರೆಯುತ್ತದೆ?
ಉತ್ತರ: ಆ ವರ್ಷ ಬೆಂಗಳೂರು ವಿಶ್ವವಿದ್ಯಾನಿಲಯವು ಇನ್ನೂ ಸ್ಥಾಪನೆಯಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗಕ್ಕೆ ಅರ್ಜಿ ಸಲ್ಲಿಸಬೇಕು.

ಪ್ರಶ್ನೆ: ಘಟಿಕೋತ್ಸವಕ್ಕೆ ಹಾಜರಾಗಲು ಸಾಧ್ಯವಾಗದಿದ್ದಲ್ಲಿ ಪದವಿ ಪ್ರಮಾಣಪತ್ರ ದೊರೆಯುವುದಿಲ್ಲವೇ?
ಉತ್ತರ: ಗೈರುಹಾಜರಿಯಲ್ಲಿ ಪದವಿ ಸ್ವೀಕರಿಸಲು ಅವಕಾಶವಿದೆ. ಅದಕ್ಕೆ ನಿಗದಿತ ಅರ್ಜಿ ಮತ್ತು ಶುಲ್ಕ ಸಲ್ಲಿಸಬೇಕು.

ಪ್ರಶ್ನೆ: ಅರ್ಜಿ ಸಲ್ಲಿಸಿ ಬಹುಕಾಲವಾದರೂ ಉತ್ತರ ಬಂದಿಲ್ಲ. ಏನು ಮಾಡಬೇಕು?
ಉತ್ತರ: ಮೊದಲು ರಶೀದಿಯ ವಿವರದೊಂದಿಗೆ ಕುಲಸಚಿವರಿಗೆ ಲಿಖಿತ ಮನವಿ ಸಲ್ಲ್ಲಿಸಬೇಕು. ಅರ್ಜಿಯು ಯಾವ ಹಂತದಲ್ಲಿದೆ ಎಂಬುದನ್ನು ತಿಳಿಯಲು ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ವಿಶ್ವವಿದ್ಯಾನಿಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡುವುದು ಕಡ್ಡಾಯವಾಗಿದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅರ್ಜಿ ಶುಲ್ಕದಿಂದ ವಿನಾಯಿತಿ ಇದೆ.

ಪ್ರಶ್ನೆ: ವಿದ್ಯಾರ್ಥಿಗಳಲ್ಲದವರು ವಿಶ್ವವಿದ್ಯಾನಿಲಯದ ಪ್ರಕಟಣೆಗಳನ್ನು ಕೊಳ್ಳಬಹುದೇ?
ಉತ್ತರ: ಕೊಳ್ಳಬಹುದು. ಪ್ರಸಾರಾಂಗದ ಪ್ರಕಟಣೆಗಳು ಸಾರ್ವಜನಿಕರಿಗಾಗಿಯೇ ಇವೆ.

ಪ್ರಶ್ನೆ: ಅಭ್ಯರ್ಥಿಯು ಮರಣ ಹೊಂದಿದ್ದಲ್ಲಿ ಕುಟುಂಬದವರು ಅರ್ಜಿ ಸಲ್ಲಿಸಬಹುದೇ?
ಉತ್ತರ: ಮರಣ ಪ್ರಮಾಣಪತ್ರ ಮತ್ತು ಸಂಬಂಧವನ್ನು ತೋರಿಸುವ ದಾಖಲೆಯೊಂದಿಗೆ, ಯಾವ ಉದ್ದೇಶಕ್ಕಾಗಿ ಪ್ರತಿ ಬೇಕಾಗಿದೆ ಎಂಬುದನ್ನು ತಿಳಿಸಿ ಕುಲಸಚಿವರಿಗೆ ಮನವಿ ಸಲ್ಲಿಸಬೇಕು. ವಿಶ್ವವಿದ್ಯಾನಿಲಯವು ನಿಯಮಾನುಸಾರ ತೀರ್ಮಾನ ಕೈಗೊಳ್ಳುತ್ತದೆ.

11. ಮುಖ್ಯ ವರ್ಷಗಳು: ಒಂದು ನೋಟ

1891 – ಓರಿಯಂಟಲ್ ಲೈಬ್ರರಿಯ ಆರಂಭ
1916 – ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆ
1918 – ಪ್ರಥಮ ಘಟಿಕೋತ್ಸವ
1927 – ಕನ್ನಡ ಎಂ.ಎ. ತರಗತಿಯ ಆರಂಭ
1946 – ಇಂಗ್ಲಿಷ್-ಕನ್ನಡ ನಿಘಂಟಿನ ಪ್ರಕಟಣೆ
1956-60 – ಕುವೆಂಪು ಅವರು ಕುಲಪತಿಗಳಾಗಿದ್ದ ಅವಧಿ
1966 – ಐವತ್ತು ವರ್ಷಗಳ ಪೂರೈಕೆ. ಕನ್ನಡ ಅಧ್ಯಯನ ಸಂಸ್ಥೆಯ ಸ್ಥಾಪನೆ
1969 – ಕನ್ನಡ ವಿಶ್ವಕೋಶದ ಮೊದಲ ಸಂಪುಟ
2015 – ಶತಮಾನೋತ್ಸವ ಆಚರಣೆಯ ಉದ್ಘಾಟನೆ
2016 – ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೆಯ ಅಧಿವೇಶನ. ನೂರು ವರ್ಷಗಳ ಪೂರೈಕೆ
2020 – ನೂರನೆಯ ಘಟಿಕೋತ್ಸವ

12. ಸಾರ್ವಜನಿಕರಲ್ಲಿ ವಿನಂತಿ

ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದ ಘಟಿಕೋತ್ಸವದ ಆಹ್ವಾನ ಪತ್ರಿಕೆಗಳು, ತರಗತಿಯ ಸಾಮೂಹಿಕ ಛಾಯಾಚಿತ್ರಗಳು, ಪ್ರಚಾರೋಪನ್ಯಾಸ ಮಾಲೆಯ ಕಿರುಪುಸ್ತಕಗಳು, ಕಾಲೇಜು ಸಂಚಿಕೆಗಳು ಉಳಿದಿರಬಹುದು. ಇವುಗಳನ್ನು ಅನುಪಯುಕ್ತವೆಂದು ವಿಲೇವಾರಿ ಮಾಡುವ ಮುನ್ನ ತಾವು ಓದಿದ ಕಾಲೇಜಿನ ಅಥವಾ ವಿಶ್ವವಿದ್ಯಾನಿಲಯದ ಗ್ರಂಥಪಾಲಕರನ್ನು ಸಂಪರ್ಕಿಸಲು ಕೋರಲಾಗಿದೆ. ಮೂಲ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರಗಳನ್ನು ಮಾತ್ರ ಯಾರಿಗೂ ಒಪ್ಪಿಸದೆ, ಅವುಗಳ ದೃಢೀಕೃತ ಪ್ರತಿಗಳನ್ನು ಬಳಸತಕ್ಕದ್ದು.